ಹೆಸರಿಡದ ಮಗು ಎದ್ದು ಬರುತ್ತದೆಯೇ

ಆಸ್ಪತ್ರೆಯ ಫಾರ್ಮಿನಲ್ಲಿ ಮಗುವಿನ ಹೆಸರು ಬರೆಯುವ ಜಾಗದಲ್ಲಿ 'ಬೇಬಿ ಬಾಯ್' ಎಂದು ಬರೆದವಳು ನಾನೇ. ಅಮೆರಿಕದವರು ಮಗು ಹೊಟ್ಟೆಯಲ್ಲಿರುವಾಗಲೇ ಹೆಸರು ಆರಿಸಿ, ಕೋಣೆಯ ಗೋಡೆಗೆ ಅಕ್ಷರ ಅಂಟಿಸಿ ಕಾಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಹುಟ್ಟಬೇಕು, ನಕ್ಷತ್ರ ನೋಡಬೇಕು, ಪಾದಕ್ಕೆ ತಕ್ಕ ಅಕ್ಷರ ಬರಬೇಕು, ಹನ್ನೊಂದು ದಿನ ಕಳೆಯಬೇಕು. ಮೈಸೂರಿನಿಂದ ಅತ್ತೆ ಫೋನಿನಲ್ಲಿ, "ಪುರೋಹಿತರನ್ನ ಕೇಳಿ ಅಕ್ಷರ ಹೇಳ್ತೀನಿ ಕಣೆ. ಅಲ್ಲೀವರ್ಗೂ ಹೆಸರು ಅಂತ ಬಾಯಿ ಬಿಡಬೇಡ, ದೃಷ್ಟಿಯಾಗತ್ತೆ," ಎಂದಿದ್ದರು. ನರ್ಸ್ ಎರಡು ಸಲ ಬಂದು ಕೇಳಿದಳು. ಆಮೇಲೆ ಹೇಳುತ್ತೇವೆ ಎಂದು ಕಳಿಸಿದೆ. ನಮಗೆ ಗೊತ್ತಿದ್ದ ಕನ್ನಡದ ಮನೆಗಳಲ್ಲೆಲ್ಲ ಹೀಗೇ ಮಾಡಿ, ನಾಮಕರಣ ಮುಗಿಸಿಕೊಂಡು ಕೌಂಟಿ ಆಫೀಸಿಗೆ ಹೋಗಿ ಜನನದ ದಾಖಲೆಗೆ ಹೆಸರು ಸೇರಿಸಿ ಬಂದಿದ್ದರು.

ನನ್ನ ಮಗು ಒಂಬತ್ತನೆಯ ದಿನ ಹೋಯಿತು. ಹುಟ್ಟಿದಾಗಿನಿಂದ ಗಾಜಿನ ಪೆಟ್ಟಿಗೆಯಲ್ಲಿತ್ತು. ಮೈಯೆಲ್ಲ ಟ್ಯೂಬು, ಅಂಟುಪಟ್ಟಿ. ಮುಟ್ಟಬಹುದಾಗಿದ್ದ ಜಾಗವೆಂದರೆ ಒಂದು ಪಾದ ಮತ್ತು ಎಡಗಿವಿ. ಆ ಕಿವಿಯ ಅಂಚು, ಪುಸ್ತಕದಲ್ಲಿ ಗುರುತಿಗೆಂದು ಮಡಿಸಿದ ಹಾಳೆಯ ಮೂಲೆಯ ಹಾಗೆ, ಒಳಕ್ಕೆ ಬಾಗಿತ್ತು. ನಾನು ಬೆರಳ ತುದಿಯಿಂದ ಅದನ್ನು ಬಿಡಿಸುತ್ತಿದ್ದೆ, ಅದು ಮತ್ತೆ ಮಡಿಸಿಕೊಳ್ಳುತ್ತಿತ್ತು. ಮನಸ್ಸಿನಲ್ಲಿ ನಾನೊಂದು ಹೆಸರು ಇಟ್ಟುಕೊಂಡಿದ್ದೆ. ಯಾವ ನಕ್ಷತ್ರ, ಯಾವ ಅಕ್ಷರ ಬಂದರೂ ಅದೇ ಇರಲಿ ಎಂದು ಹಟ ಮಾಡುವವಳಿದ್ದೆ. ಅದನ್ನು ಯಾರಿಗೂ ಹೇಳಲಿಲ್ಲ, ಗಂಡನಿಗೂ. ಹನ್ನೊಂದನೆಯ ದಿನ ಕಿವಿಯಲ್ಲಿ ಮೂರು ಸಲ ಹೇಳುವುದು ಇದ್ದೇ ಇದೆಯಲ್ಲ ಎಂದುಕೊಂಡಿದ್ದೆ.

ಹಲ್ಲು ಬರದ ಕೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಮೇರಿಲ್ಯಾಂಡಿನಲ್ಲಿ ಎಲ್ಲಿ ಹೂಳುವುದು? ನಾನು ಜ್ವರದಲ್ಲಿ ಬಿದ್ದಿದ್ದೆ. ಗಂಡ ಒಂದು ಕಾಗದಕ್ಕೆ ಸಹಿ ಹಾಕಿ ಬಂದರು. "ಆಸ್ಪತ್ರೆಯೋರೇ ಎಲ್ಲಾ ಮಾಡ್ತಾರಂತೆ. ನೀನು ರೆಸ್ಟ್ ಮಾಡು," ಎಂದರು. ಎಲ್ಲಾ ಎಂದರೆ ಏನು, ಎಲ್ಲಿ, ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಅತ್ತೆ ಪುರೋಹಿತರನ್ನು ಕೇಳಿ ಮತ್ತೆ ಫೋನ್ ಮಾಡಿದರು: ಹೆಸರಿಡದ ಮಗುವಿಗೆ ತಿಥಿ ಇಲ್ಲ, ಪಿಂಡ ಇಲ್ಲ, ಸ್ನಾನ ಮಾಡಿದರೆ ಸಾಕು. ಸ್ನಾನ ಮಾಡಿದೆವು.

ಅದಾದ ಮೂರು ವರ್ಷಕ್ಕೆ, ತೊಂಬತ್ತರ ದಶಕದ ನಡುವಿನಲ್ಲಿ, ನನಗೊಂದು ಟೈಪಿಂಗ್ ಕೆಲಸ ಸಿಕ್ಕಿತು. ಗಂಡ ವಾಷಿಂಗ್ಟನ್‌ನಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿದ್ದರು. ಅವರ ವೀಸಾ ಹೆಂಡತಿಗೂ ಕೆಲಸದ ಪರ್ಮಿಟ್ ಕೊಡುವ ಜಾತಿಯದು. ಮನೆಯಲ್ಲಿ ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು ಲೈಬ್ರರಿಯ ಬೋರ್ಡಿನಲ್ಲಿದ್ದ ಚೀಟಿ ನೋಡಿ ಹೋದೆ. ಸಿಲ್ವರ್ ಸ್ಪ್ರಿಂಗ್‌ನಲ್ಲಿ ಒಬ್ಬ ನಿವೃತ್ತ ಪ್ರೊಫೆಸರ್, ಯಹೂದಿ, ಎಪ್ಪತ್ತು ದಾಟಿದವರು, ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ತಮ್ಮ ಜನ ಸಾವಿನಾಚೆಯ ಬಗ್ಗೆ ಯಾವ ಕಾಲದಲ್ಲಿ ಏನೇನು ನಂಬಿದರು ಎಂಬುದರ ಮೇಲೆ ನಲವತ್ತು ವರ್ಷ ಪಾಠ ಮಾಡಿ, ಈಗ ಪುಸ್ತಕ ಬರೆಯಲು ಕೂತಿದ್ದರು. ಟಿಪ್ಪಣಿಯೆಲ್ಲ ಹಸಿರು ಶಾಯಿಯಲ್ಲಿ, ಸಣ್ಣ ಕಾರ್ಡುಗಳ ಮೇಲೆ, ಶೂ ಡಬ್ಬಿಗಳಲ್ಲಿ. ಕೈ ನಡುಗುತ್ತಿದ್ದುದರಿಂದ ಬರೆಯಲು ಆಗದು. ಅವರು ಹೇಳಬೇಕು, ನಾನು ಟೈಪ್ ಮಾಡಬೇಕು.

ಮೊದಲನೆಯ ದಿನ ಅವರೇ ಕೇಳಿದರು: "ನಿಮ್ಮವರು ಸತ್ತ ಮೇಲೆ ಎಲ್ಲಿಗೆ ಹೋಗುತ್ತಾರೆ?"

"ಇನ್ನೊಂದು ಹೊಟ್ಟೆಗೆ," ಎಂದೆ. ಅವರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ದೇವಸ್ಥಾನದಲ್ಲಿ ಸಿಕ್ಕ ಆಂಟಿಯೊಬ್ಬರು, "ನಿನ್ನ ಹೊಟ್ಟೇಲೇ ಮತ್ತೆ ಹುಟ್ಟಿ ಬರ್ತಾನೆ ಬಿಡು, ಅಳಬೇಡ," ಎಂದು ಬೆನ್ನು ಸವರಿದ್ದರು. ಆ ಕೈಯನ್ನು ಕಿತ್ತು ಎಸೆಯಬೇಕೆನಿಸಿತ್ತು. ಹುಟ್ಟಿ ಬರಲೂ ಇಲ್ಲ. ಬಂದಿದ್ದರೂ ಅದು ಬೇರೆ ಮಗುವೇ. ನನಗೆ ಬೇಕಾಗಿದ್ದುದು ಮಡಿಸಿದ ಕಿವಿಯ ಆ ಮಗು.

ಆದ್ದರಿಂದಲೇ ಇರಬೇಕು, ಪ್ರೊಫೆಸರ್ ಹೇಳುವುದನ್ನು ನಾನು ಬರಿ ಬೆರಳಿನಿಂದ ಕೇಳುತ್ತಿರಲಿಲ್ಲ. ಸತ್ತವರು ಅದೇ ಮೈಯಲ್ಲಿ ಎದ್ದು ಬರುತ್ತಾರೆಂದು ನಂಬಿದ ಜನ ಇವರದೆಂದು ಕೇಳಿದ್ದೆ. ಅದೆಲ್ಲಿ ಬರುತ್ತದೆ ಎಂದು ಕಾದೆ. ಮೊದಲ ನೂರು ಪುಟದಲ್ಲಿ ಬರಲಿಲ್ಲ. ಅವರ ಪೂರ್ವಿಕರಿಗೆ ಸ್ವರ್ಗವೂ ಇರಲಿಲ್ಲ, ನರಕವೂ ಇರಲಿಲ್ಲ. ನೆಲದ ಕೆಳಗೆ ಒಂದು ಕತ್ತಲೆಯ ಹಳ್ಳ. ರಾಜ, ಭಿಕಾರಿ, ಒಳ್ಳೆಯವ, ಕೆಟ್ಟವ ಎಲ್ಲರೂ ಅಲ್ಲಿಗೇ. ಅಲ್ಲಿ ಮಾತಿಲ್ಲ, ದೇವರ ಸ್ತುತಿಯೂ ಇಲ್ಲ, ದೇವರಿಗೆ ಆ ಕಡೆ ಗಮನವೂ ಇದ್ದಂತಿಲ್ಲ. ಒಬ್ಬ ರಾಜ ಯುದ್ಧದ ಹಿಂದಿನ ದಿನ ಹೆದರಿ, ಸತ್ತ ಪ್ರವಾದಿಯನ್ನು ಮಾಟಗಾತಿಯಿಂದ ಎಬ್ಬಿಸಿದರೆ, ಅವನು ಎದ್ದು ಬಂದು, ನನ್ನನ್ನೇಕೆ ಕದಲಿಸಿದೆ ಎಂದು ಬೈದನಂತೆ. ಪುಣ್ಯಕ್ಕೆ ಫಲ ಏನಿದ್ದರೂ ಇಲ್ಲಿಯೇ: ದೀರ್ಘಾಯುಸ್ಸು, ಮಕ್ಕಳು, ತಮ್ಮ ನೆಲ.

"ಮಕ್ಕಳೇ ಸತ್ತರೆ?" ಎಂದು ಕೇಳಿದೆ.

"ಅದಕ್ಕೆ ಆ ಕಾಲದಲ್ಲಿ ಉತ್ತರವಿರಲಿಲ್ಲ," ಎಂದು ಮುಂದಿನ ಕಾರ್ಡ್ ಎತ್ತಿಕೊಂಡರು.

ಆಮೇಲೆ, ಆ ಜನರೆಲ್ಲ ಪರದೇಶಕ್ಕೆ ಸೆರೆ ಹೋದ ಕಾಲದಲ್ಲಿ, ಒಬ್ಬ ಪ್ರವಾದಿಗೆ ಒಣ ಮೂಳೆಗಳ ಕಣಿವೆ ಕಂಡಿತು, ಮೂಳೆ ಮೂಳೆಗೆ ಕೂಡಿ ಎದ್ದು ನಿಂತವು. ನಾನು ಖುಷಿಯಲ್ಲಿ ಟೈಪ್ ಮಾಡಿದೆ. ಪ್ರೊಫೆಸರ್ ತಣ್ಣಗೆ, ಅದು ಬರಿಯ ಹೋಲಿಕೆ, ಸೋತ ದೇಶ ಮತ್ತೆ ಏಳುತ್ತದೆ ಎಂದಷ್ಟೇ ಅರ್ಥ, ಮನುಷ್ಯರಲ್ಲ ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವ ಪಂಡಿತರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇವರು ಹಾಗಲ್ಲ, ದೀಪವನ್ನು ಊದಿಯೇ ಬಿಡುತ್ತಿದ್ದರು.

ನಾನು ಕಾಯುತ್ತಿದ್ದುದು ಬಂದದ್ದು ಒಂದು ಮಂಗಳವಾರ. ಪರದೇಶದ ರಾಜನೊಬ್ಬ ಇವರ ಧರ್ಮವನ್ನೇ ನಿಷೇಧಿಸಿದ ಕಾಲ. ನೇಮ ಬಿಟ್ಟವರು ಬದುಕಿದರು, ಹಿಡಿದವರು ಸತ್ತರು. ಅದರಲ್ಲಿ ಎಳೆಯರು, ತಾಯಂದಿರು. ಪುಣ್ಯಕ್ಕೆ ದೀರ್ಘಾಯುಸ್ಸು ಎಂಬ ಹಳೆಯ ಮಾತು ಜನರ ಬಾಯಲ್ಲಿ ಕಹಿಯಾಯಿತು. ಆಗಲೇ ಮೊದಲ ಸಲ ಸ್ಪಷ್ಟವಾಗಿ ಬರೆದರು: ಮಣ್ಣಿನಲ್ಲಿ ಮಲಗಿದವರಲ್ಲಿ ಅನೇಕರು ಏಳುತ್ತಾರೆ.

"ಗಮನಿಸಿ," ಎಂದರು ಪ್ರೊಫೆಸರ್. "ಆಸೆಯಿಂದ ಹುಟ್ಟಿದ ನಂಬಿಕೆಯಲ್ಲ ಇದು, ಸಿಟ್ಟಿನಿಂದ ಹುಟ್ಟಿದ್ದು. ದೇವರೇ, ಇವರನ್ನು ಹೀಗೇ ಬಿಟ್ಟರೆ ನೀನು ನ್ಯಾಯವಂತನಲ್ಲ ಎಂದು ಜಗಳಕ್ಕೆ ನಿಂತರು."

ಆ ಸಿಟ್ಟು ನನಗೆ ಅರ್ಥವಾಯಿತು. ಮೂರು ವರ್ಷದಲ್ಲಿ ಎಲ್ಲರೂ ನನಗೆ ಸಮಾಧಾನ ಹೇಳಿದ್ದರು, ಕರ್ಮ ಎಂದಿದ್ದರು, ಋಣ ಇಷ್ಟೇ ಎಂದಿದ್ದರು. ನನ್ನ ಪರವಾಗಿ ದೇವರ ಮೇಲೆ ಒಬ್ಬರೂ ರೇಗಿರಲಿಲ್ಲ. ಎರಡು ಸಾವಿರ ವರ್ಷದ ಹಿಂದಿನ ಅಪರಿಚಿತರು ರೇಗಿದ್ದರು.

ಮುಂದಿನದೆಲ್ಲ ಜಗಳವೇ. ದೇವಾಲಯದ ಅರ್ಚಕ ಮನೆತನದವರು ಇದೆಲ್ಲ ಸುಳ್ಳು ಎಂದರು, ಇನ್ನೊಂದು ಪಂಗಡ ನಿಜ ಎಂದಿತು. ದೇವಾಲಯ ಸುಟ್ಟುಹೋದ ಮೇಲೆ ಎರಡನೆಯವರೇ ಉಳಿದು, ಸತ್ತವರನ್ನು ಬದುಕಿಸುವವನೇ ಎಂಬ ಮಾತನ್ನು ದಿನಕ್ಕೆ ಮೂರು ಸಲದ ಪ್ರಾರ್ಥನೆಗೆ ಸೇರಿಸಿದರು. ಪಾಪಿಗಳಿಗೆ ಹನ್ನೆರಡು ತಿಂಗಳ ಶಿಕ್ಷೆ ಎಂದು ಗೊತ್ತು ಮಾಡಿದರು. ಅದಕ್ಕೇ ಮಕ್ಕಳು ತಂದೆತಾಯಿಗಾಗಿ ಹನ್ನೊಂದು ತಿಂಗಳು ಮಾತ್ರ ಪ್ರಾರ್ಥನೆ ಹೇಳುತ್ತಾರಂತೆ. ಹನ್ನೆರಡು ಹೇಳಿದರೆ ಅಪ್ಪ ಪಾಪಿ ಎಂದು ಒಪ್ಪಿಕೊಂಡಂತೆ. ನಮ್ಮ ಮಾಸಿಕಗಳ ನೆನಪಾಗಿ ಹೇಳಿದೆ. ಪ್ರೊಫೆಸರ್ ಅದನ್ನೂ ಒಂದು ಕಾರ್ಡಿನಲ್ಲಿ ಬರೆಸಿಕೊಂಡರು. ಇನ್ನೂ ಈಚಿನವರು, ಸಮಾಧಿಯಲ್ಲಿ ಒಬ್ಬ ದೂತ ಬಂದು ಮೊದಲು ಹೆಸರು ಕೇಳುತ್ತಾನೆ, ಅದಕ್ಕೆ ಹೆಸರು ಮರೆಯದಂತೆ ಬದುಕಿರುವಾಗಲೇ ಅಭ್ಯಾಸ ಮಾಡಿಕೊಳ್ಳಬೇಕು ಎಂದರಂತೆ. ಟೈಪ್ ಮಾಡುತ್ತ ನನ್ನ ಬೆರಳು ತಪ್ಪಿತು.

ಲೋಕದ ಕೊನೆಗಾಲದ ಟಿಪ್ಪಣಿಗಳಿದ್ದ ಡಬ್ಬಿಯಲ್ಲಿ ಇನ್ನೊಂದು ನಂಬಿಕೆ ಇತ್ತು. ಪರದೇಶದಲ್ಲಿ ಹೂತವರು, ಸತ್ತವರು ಏಳುವ ದಿನ ಬಂದಾಗ, ನೆಲದೊಳಗಿನ ಸುರಂಗಗಳಲ್ಲಿ ಉರುಳಿಕೊಂಡು ತಮ್ಮ ಪುಣ್ಯಭೂಮಿ ತಲುಪಿ ಅಲ್ಲಿ ಏಳುತ್ತಾರಂತೆ. ಮೇರಿಲ್ಯಾಂಡಿನಿಂದ ಅಟ್ಲಾಂಟಿಕ್ಕಿನ ಅಡಿಯಲ್ಲಿ ಉರುಳಿಕೊಂಡೇ ಎಂದು ಇಬ್ಬರೂ ನಕ್ಕೆವು. ನಗುತ್ತಿದ್ದಂತೆಯೇ ನನಗೆ ಹೊಳೆಯಿತು: ಕೂಸು ಬೋರಲಾಗುವುದಕ್ಕೇ ನಾಲ್ಕು ತಿಂಗಳು ಬೇಕು. ಒಂಬತ್ತು ದಿನದ್ದು ಉರುಳುವುದು ಹೇಗೆ?

ಅದೇ ವಾರ ಪ್ರೊಫೆಸರ್ ಇನ್ನೊಂದು ಕಾರ್ಡ್ ಓದಿದರು. ಮಗು ಯಾವಾಗಿನಿಂದ ಮುಂದಿನ ಲೋಕಕ್ಕೆ ಸೇರುತ್ತದೆ ಎಂದು ಅವರ ಪಂಡಿತರ ನಡುವೆ ವಾದ. ಗರ್ಭ ನಿಂತಾಗಿನಿಂದ ಎಂದ ಒಬ್ಬ. ಹುಟ್ಟಿದಾಗಿನಿಂದ ಎಂದ ಇನ್ನೊಬ್ಬ. ಸುನ್ನತಿಯಾದ ಮೇಲೆ, ಮಾತು ಬಂದ ಮೇಲೆ, ಪ್ರಾರ್ಥನೆಗೆ 'ಆಮೆನ್' ಎನ್ನಲು ಕಲಿತ ಮೇಲೆ. ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ.

"ಇದರಲ್ಲಿ ಯಾವುದು ಸರಿ?"

"ಸರಿತಪ್ಪು ನನ್ನ ಕೆಲಸವಲ್ಲ. ಯಾರು ಯಾವಾಗ ಹೇಳಿದರು ಅನ್ನುವುದಷ್ಟೇ—"

"ನಿಮ್ಮ ಕೆಲಸ ಹಾಳಾಗಿ ಹೋಗಲಿ," ಎಂದೆ, ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಪೆಟ್ಟಿಗೆ, ಕಿವಿ, ಫಾರ್ಮು, ಎಲ್ಲಿದೆಯೆಂದು ನನಗೇ ಗೊತ್ತಿಲ್ಲದ ಮಗು. ಹೆಸರಿಡದ ಮಗು ಎದ್ದು ಬರುತ್ತದೆಯೇ ಎಂದು ಅವರನ್ನು ಕೇಳಿದೆ, ಅವರೇನೋ ಬಾಗಿಲ ಕೀಲಿ ಇಟ್ಟುಕೊಂಡವರೆಂಬಂತೆ.

ಅವರು ಕಾರ್ಡುಗಳನ್ನು ಜೋಡಿಸಿ ಡಬ್ಬಿಗೆ ಹಾಕಿದರು. ಆಮೇಲೆ, "ನನ್ನದು ಹೆಣ್ಣುಮಗು. ಆರು ದಿನ," ಎಂದರು.

ಮದುವೆಯಾದ ಹೊಸತು, ನಲವತ್ತು ವರ್ಷದ ಹಿಂದೆ. ಅವರ ಶಾಸ್ತ್ರದಲ್ಲಿ ಮೂವತ್ತು ದಿನ ತುಂಬದ ಮಗು ನೆಲೆ ನಿಂತ ಜೀವವಲ್ಲ. ಅದಕ್ಕಾಗಿ ಏಳು ದಿನ ಮನೆಯಲ್ಲಿ ಕೂತು ದುಃಖ ಆಚರಿಸುವುದಿಲ್ಲ, ಪ್ರಾರ್ಥನೆಯಿಲ್ಲ. ಹೂಳುವ ಸಂಘದ ಹಿರಿಯರು ಬಂದು ಮಗುವನ್ನು ಎತ್ತಿಕೊಂಡರು. ನೀನು ಬರಬೇಡ, ಜಾಗ ಗೊತ್ತಿಲ್ಲದಿದ್ದರೇ ಒಳ್ಳೆಯದು, ಮನೆಗೆ ಹೋಗು, ಇನ್ನೊಂದು ಹುಟ್ಟುತ್ತದೆ ಎಂದರು. ಇವರು ಮನೆಗೆ ಹೋದರು. ಇನ್ನೊಂದು ಹುಟ್ಟಲಿಲ್ಲ. ಎಲ್ಲಿ ಹೂತರು ಎಂದು ಹೆಂಡತಿ ಒಂದು ವರ್ಷ ಕೇಳಿದರು. ಇವರು ಗೊತ್ತಿಲ್ಲ ಎಂದರು. ಆಕೆ ತಿಳಿದುಕೊಂಡು ಬಾ ಎಂದರು. ಇವರು ಹೋಗಲಿಲ್ಲ. ಆಮೇಲೆ ಆಕೆ ಕೇಳುವುದನ್ನು ಬಿಟ್ಟರು.

ನನ್ನ ದುಃಖ ಹೇಳಲು ಹೋಗಿ ಇನ್ನೊಬ್ಬರದನ್ನೂ ಹೊತ್ತುಕೊಂಡು ಬಂದೆ. ಅವರ ಮೇಲೆ ಕನಿಕರವಾಗಲಿಲ್ಲ. ಹೆಂಡತಿಯದೆಂದು ಅವರು ಹಿಂದೊಮ್ಮೆ ತೋರಿಸಿದ್ದ ಕುರ್ಚಿಯ ಮೇಲೆ ಈಗ ಶೂ ಡಬ್ಬಿಗಳಿದ್ದವು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಮ್ಮಮ್ಮ ಅನ್ನುತ್ತಿದ್ದಳು. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, "ಈಗಲಾದರೂ ಹೋಗಬಹುದಲ್ಲ? ನಾನು ಡ್ರೈವ್ ಮಾಡುತ್ತೇನೆ," ಎಂದೆ.

ಏಪ್ರಿಲ್‌ನಲ್ಲಿ ಹೋದೆವು. ಊರಿನ ಇನ್ನೊಂದು ತುದಿಯಲ್ಲಿ ಆ ಹೂಳುವ ಸಂಘದ ಹಳೆಯ ಸ್ಮಶಾನ. ಆಫೀಸಿನಾತ ದಪ್ಪ ರಿಜಿಸ್ಟರ್ ತೆಗೆದು, ವರ್ಷ ಕೇಳಿ, ಬೆರಳಿಟ್ಟು ಹುಡುಕಿದ. ಐದು ನಿಮಿಷ ಹಿಡಿಯಿತೋ ಇಲ್ಲವೋ. ಇಂಥವರ ಮಗಳು, ಬೇಲಿಯ ಪಕ್ಕದ ಸಾಲು, ಇಷ್ಟನೆಯದು. ನಲವತ್ತು ವರ್ಷ ಆ ರಿಜಿಸ್ಟರ್ ಅಲ್ಲೇ ಇತ್ತು, ಅವರ ಮನೆಯಿಂದ ಅರ್ಧ ಗಂಟೆಯ ದಾರಿ.

ಬೇಲಿಯ ಪಕ್ಕ ಬರಿಯ ಹುಲ್ಲು. ಕಲ್ಲಿಲ್ಲ, ಗುರುತಿಲ್ಲ. ಪ್ರೊಫೆಸರ್ ಹೆಜ್ಜೆ ಎಣಿಸುತ್ತ ಹೋಗಿ ಒಂದು ಕಡೆ ನಿಂತರು. ನಿಂತ ಜಾಗ ಸರಿಯೋ, ಪಕ್ಕದ ಮಗುವಿನದೋ ಇಬ್ಬರಿಗೂ ತಿಳಿಯಲಿಲ್ಲ. "ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂದು ನಲವತ್ತು ವರ್ಷ ಪಾಠ ಹೇಳಿದೆ," ಎಂದರು. "ಮಗಳ ಸಾಲು ಯಾವುದು ಎಂದು ಕೇಳಿದ್ದರೆ ಗೊತ್ತಿರಲಿಲ್ಲ."

ಹೆಸರಿಲ್ಲದೆ ಸತ್ತ ಮಗುವಿಗೆ ಸಮಾಧಿಯ ಬಳಿಯೇ ಹೆಸರಿಡುವ ರೂಢಿ ಅವರಲ್ಲಿದೆ, ಎದ್ದೇಳುವ ದಿನ ಗುರುತು ಸಿಗಲಿ ಎಂದು. ಅವರೇ ಬರೆಸಿದ್ದ ಕಾರ್ಡು. ನೆನಪಿಸಿದೆ. ಅವರು ತಲೆ ಅಲ್ಲಾಡಿಸಿದರು. "ಹೆಸರು ನನ್ನ ಹೆಂಡತಿಯ ಹತ್ತಿರ ಇತ್ತು. ಅವಳ ಅಜ್ಜಿಯದೋ ಸೋದರತ್ತೆಯದೋ. ನಾನು ಕೇಳಲಿಲ್ಲ."

ಸಮಾಧಿಗೆ ಹೋದವರು ಅದರ ಕಲ್ಲಿನ ಮೇಲೆ ಸಣ್ಣ ಕಲ್ಲೊಂದನ್ನು ಇಟ್ಟು ಬರುವುದು ಅವರ ಪದ್ಧತಿ. ಇಲ್ಲಿ ಸಮಾಧಿಯ ಕಲ್ಲೇ ಇರಲಿಲ್ಲ. ಸಣ್ಣ ಕಲ್ಲನ್ನು ಹುಲ್ಲಿನ ಮೇಲೆಯೇ ಇಟ್ಟರು. ಮುಂದಿನ ವಾರ ಹುಲ್ಲು ಕತ್ತರಿಸುವ ಮೆಷಿನ್ ಬಂದರೆ ಅದು ಎಲ್ಲಿ ಸಿಡಿದು ಹೋಗುತ್ತದೋ ಎಂದು ನಾನು ಯೋಚಿಸಿದೆ.

ಆಮೇಲೆ ಅವರು ಕೊನೆಗಾಲದ ಅಧ್ಯಾಯವನ್ನು ಬರೆಸಲಿಲ್ಲ. ನಾನು ಹೋಗುತ್ತಿದ್ದೆ, ಟೀ ಕುಡಿಯುತ್ತಿದ್ದೆವು, ಡಬ್ಬಿ ತೆಗೆಯುತ್ತಿರಲಿಲ್ಲ. ಎಲೆ ಉದುರುವ ಕಾಲಕ್ಕೆ ತೀರಿಕೊಂಡರು. ಮೊಳೆಯಿಲ್ಲದ, ಬಣ್ಣವಿಲ್ಲದ ಪೈನ್ ಮರದ ಪೆಟ್ಟಿಗೆ. ಬಂದವರೆಲ್ಲ ಒಬ್ಬೊಬ್ಬರಾಗಿ ಸಲಿಕೆ ಹಿಡಿದು ಮಣ್ಣು ಹಾಕಿದರು, ನಾನೂ ಹಾಕಿದೆ. ಮರದ ಮೇಲೆ ಮಣ್ಣು ಬೀಳುವ ಸದ್ದು ಕೇಳಿ, ನನ್ನ ಮಗುವಿಗೆ ಇಷ್ಟೂ ಮಾಡಲಿಲ್ಲವಲ್ಲ ಎಂದು ಅಲ್ಲೇ ಜೋರಾಗಿ ಅತ್ತೆ. ಜನ ಪ್ರೊಫೆಸರ್‌ಗಾಗಿ ಅಳುತ್ತಿದ್ದಾಳೆ ಎಂದುಕೊಂಡರು. ಅವರಿಗಾಗಿ ಹನ್ನೊಂದು ತಿಂಗಳು ಪ್ರಾರ್ಥನೆ ಹೇಳುವ ಮಕ್ಕಳು ಇರಲಿಲ್ಲ.

ಮನೆಗೆ ಬಂದು ಕೋಟೂ ಬಿಚ್ಚದೆ ಗಂಡನನ್ನು ಕೇಳಿದೆ. "ರೀ, ಆವತ್ತು ಸೈನ್ ಮಾಡಿದ ಕಾಗದದಲ್ಲಿ ಏನಿತ್ತು?"

"ಈಗ ಅದೆಲ್ಲಾ ಯಾಕೆ ಎತ್ತುತೀಯ?"

"ಏನಿತ್ತು ಹೇಳಿ."

"ಎರಡು ಬಾಕ್ಸ್ ಇತ್ತು ಕಣೆ. ಫ್ಯಾಮಿಲಿ ಅಂತ ಒಂದು, ಹಾಸ್ಪಿಟಲ್ ಅಂತ ಒಂದು. ಹಾಸ್ಪಿಟಲ್ ಟಿಕ್ ಮಾಡ್ದೆ. ಕೆಳಗಡೆ ಓದ್ಲಿಲ್ಲ. ನನ್ ಕೈಲಿ ಆಗ್ಲಿಲ್ಲ." ಹೇಳುತ್ತ ಅತ್ತುಬಿಟ್ಟರು. ಮೂರೂವರೆ ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೈಯಲೆಂದೇ ಬಂದಿದ್ದವಳು ಕೋಟು ಬಿಚ್ಚಿ ಅವರ ಪಕ್ಕ ಕೂತೆ.

ಮರುದಿನ ಆಸ್ಪತ್ರೆಗೆ ಫೋನ್ ಮಾಡಿದೆ. ದಾಖಲೆ ವಿಭಾಗದ ಹೆಂಗಸು ಮೆತ್ತಗೆ ಮಾತಾಡಿದಳು. ಮೊದಲನೆಯ ಪ್ರಶ್ನೆಯೇ, ಮಗುವಿನ ಹೆಸರು?

"ಬೇಬಿ ಬಾಯ್," ಎಂದೆ.

"ಮೇಡಂ, ಬೇಬಿ ಬಾಯ್ ಎಂದು ತುಂಬ ಇದ್ದಾವೆ. ಬೇರೆ ಹೆಸರು ಇದೆಯೇ?"

ಇತ್ತು. ನಾಲಿಗೆಯ ತುದಿಗೆ ಬಂತು. ಆದರೆ ಅದು ಯಾವ ಕಾಗದದಲ್ಲೂ ಇರಲಿಲ್ಲ, ಹೇಳಿ ಪ್ರಯೋಜನವಿರಲಿಲ್ಲ. ಹುಟ್ಟಿದ ದಿನ, ನನ್ನ ಹೆಸರು, ಗಂಡನ ಹೆಸರು ಕೊಟ್ಟೆ. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿ ಹೇಳಿದಳು. ಕುಟುಂಬದವರು ಒಯ್ಯದ ಕೂಸುಗಳನ್ನೆಲ್ಲ ಒಟ್ಟಿಗೆ ಸುಟ್ಟು, ಬೂದಿಯನ್ನು ಒಂದು ಸ್ಮಶಾನದಲ್ಲಿ ಒಂದೇ ಜಾಗದಲ್ಲಿ ಹೂಳುತ್ತಾರೆ. ಪಾದ್ರಿಯೊಬ್ಬರು ಬಂದು ಪ್ರಾರ್ಥನೆ ಹೇಳುತ್ತಾರೆ. ಎಲ್ಲ ಗೌರವದಿಂದಲೇ ನಡೆಯುತ್ತದೆ, ಅದೆಲ್ಲ ಆ ಕಾಗದದಲ್ಲಿ ಬರೆದಿರುತ್ತದೆ. ಹಲ್ಲು ಬರದ ಕೂಸನ್ನು ಸುಡಬಾರದು ಎಂದು ಅವಳಿಗೇನು ಗೊತ್ತು.

ಶನಿವಾರ ಇಬ್ಬರೂ ಹೋದೆವು. ಗಂಡ ಕಾರಿನಿಂದ ಇಳಿಯಲಿಲ್ಲ, ಎಂಜಿನ್ ಆರಿಸಲೂ ಇಲ್ಲ. ನಾನು ಒಬ್ಬಳೇ ನಡೆದೆ. ನೆಲದ ಮಟ್ಟಕ್ಕೆ ಹಾಸಿದ ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಮಕ್ಕಳು ಎಂದಷ್ಟೇ ಕೆತ್ತಿತ್ತು. ಸುತ್ತ ಒಂದು ಜಮಖಾನದಷ್ಟು ಅಗಲದ ಹುಲ್ಲು. ಅದರಡಿಯಲ್ಲಿ ಎಷ್ಟು ಮಕ್ಕಳೋ, ಒಬ್ಬರ ಬೂದಿಯಲ್ಲಿ ಒಬ್ಬರು ಬೆರೆತು.

ಸಿಟ್ಟಿನಿಂದ ನಂಬಿದ ಆ ಹಳೆಯ ಜನರ ಹಾಗೆ ನಾನೂ ನಂಬಲು ನೋಡಿದೆ. ಆಗಲಿಲ್ಲ. ಸಿಟ್ಟಿತ್ತು, ಅಷ್ಟೇ. ಹೆಸರನ್ನಾದರೂ ಕೊಟ್ಟು ಹೋಗೋಣ, ಎಷ್ಟು ತಡವಾಗಿದ್ದರೂ ತಾಯಿ ಹೇಳಿದ್ದು ತಾಯಿ ಹೇಳಿದ್ದೇ ಎಂದು ಮಂಡಿಯೂರಿ ಬಾಗಿದೆ. ಮೂರು ಸಲ ಹೇಳಬೇಕು, ಮೆಲ್ಲಗೆ, ಕಿವಿಯಲ್ಲಿ. ಹುಲ್ಲಿನ ಮೇಲೆ ಕೈಯಾಡಿಸುತ್ತ ಹಾಗೇ ಬಾಗಿಕೊಂಡಿದ್ದೆ. ಕಿವಿ ಯಾವ ಕಡೆ ಇದೆಯೆಂದು ತಿಳಿಯಲಿಲ್ಲ.